ಸೌರ ಫಲಕ ಕೂಡಿಸುವಾಗ ಮನೆಯ ಸೂರಿನ ರಕ್ಷಣೆ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ಬೇಸಾಯಗಾರನ ಮನೆಯ ಸೂರಿನ ಕೆಳಗೆ ಮನೆಮಂದಿಯ ಜೊತೆಗೆ ಒಂದು ವರ್ಷದ ದುಡಿಮೆಯೂ ಇರುತ್ತದೆ. ರಾಗಿಯ ಚೀಲ, ಭತ್ತದ ಕಣಜ, ಬಿತ್ತನೆಗೆಂದು ಎತ್ತಿಟ್ಟ ಶೇಂಗಾ, ಒಣಗಿಸಿದ ಅಡಿಕೆ, ಕೊಬ್ಬರಿ, ಗೊಬ್ಬರದ ಮೂಟೆ ಎಲ್ಲವೂ ಆ ಸೂರನ್ನೇ ನಂಬಿಕೊಂಡಿರುತ್ತವೆ. ಭತ್ತವನ್ನು ಶೇಕಡಾ 14ಕ್ಕಿಂತ, ರಾಗಿಯನ್ನು ಶೇಕಡಾ 12ಕ್ಕಿಂತ, ಶೇಂಗಾ ಕಾಯಿಯನ್ನು ಶೇಕಡಾ 8-9ಕ್ಕಿಂತ ಹೆಚ್ಚು ತೇವಾಂಶವಿಲ್ಲದಂತೆ ಒಣಗಿಸಿ ಶೇಖರಿಸಬೇಕೆಂದು ಪ್ರತಿ ವರ್ಷವೂ ಹೇಳಲಾಗುತ್ತದೆ. ಇಷ್ಟು ಕಷ್ಟಪಟ್ಟು ಒಣಗಿಸಿದ ಕಾಳಿನ ಮೇಲೆ ಒಂದು ರಾತ್ರಿ ಸೂರಿನಿಂದ ಹನಿ ಬಿದ್ದರೆ ಆ ಶ್ರಮವೆಲ್ಲ ವ್ಯರ್ಥ. ತೇವ ತಗುಲಿದ ಕಾಳು ಬಿಸಿಯೇರಿ, ಬೂಷ್ಟು ಹಿಡಿದು, ಹುಳು ಬೀಳುತ್ತದೆ. ಶೇಂಗಾದಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಬೆಳೆದು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಇಂತಹ ಕಾಯಿ ಮಾರಾಟಕ್ಕೂ ಬಾರದು, ದನಕರುಗಳ ಹಿಂಡಿಗೂ ಆಗದು. ಬಿತ್ತನೆ ಬೀಜವಾದರೆ ಮೊಳಕೆಯ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಹಳ್ಳಿಯ ಮನೆಗಳ ಮೇಲೂ ಸೌರ ಫಲಕಗಳು ಕಾಣಿಸಿಕೊಳ್ಳುತ್ತಿವೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್ ಘಟಕಕ್ಕೆ 30,000 ರೂ., 2 ಕಿಲೋವ್ಯಾಟ್‌ಗೆ 60,000 ರೂ., 3 ಕಿಲೋವ್ಯಾಟ್ ಮತ್ತು ಅದಕ್ಕೂ ಮೇಲ್ಪಟ್ಟ ಘಟಕಕ್ಕೆ 78,000 ರೂ. ಸಹಾಯಧನ ನಿಗದಿಯಾದ ಮೇಲೆ ಇದರ ಬಗ್ಗೆ ವಿಚಾರಿಸುವವರ ಸಂಖ್ಯೆ ಹೆಚ್ಚಾಗಿದೆ. ನಮ್ಮ ನಾಡಿನ ಬಿಸಿಲಿನಲ್ಲಿ 1 ಕಿಲೋವ್ಯಾಟ್ ಘಟಕದಿಂದ ದಿನಕ್ಕೆ ಸರಾಸರಿ 4 ಯೂನಿಟ್‌ನಷ್ಟು ವಿದ್ಯುತ್ ದೊರೆಯುತ್ತದೆ. ಇದು ಲಾಭದ ಮಾತೇ ಸರಿ. ಆದರೆ ವಿದ್ಯುತ್ತಿನ ಲೆಕ್ಕ ಹಾಕುವವರು ಸೂರಿನ ಲೆಕ್ಕವನ್ನು ಮರೆಯುತ್ತಾರೆ. ಫಲಕ 25 ವರ್ಷ ಬಾಳುತ್ತದೆ. ಅದನ್ನು ಹೊರುವ ಸೂರೂ ಅಷ್ಟು ಕಾಲ ಸೋರದೆ ಬಾಳಬೇಕಲ್ಲವೇ?

ಸೋರುವಿಕೆಗೆ ಕಾರಣವೇನು?

ಫಲಕದಿಂದಾಗಿಯೇ ಮನೆ ಸೋರುತ್ತದೆಂಬುದು ಪೂರ್ತಿ ನಿಜವಲ್ಲ. ಸರಿಯಾಗಿ ಕೂಡಿಸಿದ ಫಲಕ ಬಿಸಿಲನ್ನು ತಡೆದು ತಾರಸಿಗೆ ನೆರಳು ನೀಡುತ್ತದೆ. ಹಗಲು ಕಾದು ರಾತ್ರಿ ತಣಿಯುವುದರಿಂದ ಗಾರೆಯಲ್ಲಿ ಬೀಳುವ ಬಿರುಕುಗಳು ಇದರಿಂದ ಕಡಿಮೆಯಾಗುತ್ತವೆ. ಹಾನಿಯಾಗುವುದು ಅದನ್ನು ಕೂಡಿಸುವ ರೀತಿಯಿಂದ. ಮುಖ್ಯ ಕಾರಣಗಳು ಐದು: (1) ಛಾವಣಿಗೆ ಕೊರೆದ ರಂಧ್ರಗಳು, (2) ಒಂದೇ ಕಡೆ ಬೀಳುವ ಭಾರ, (3) ಗಾಳಿಯ ಎಳೆತದಿಂದ ಅಲುಗಾಡುವ ಬೋಲ್ಟುಗಳು, (4) ನೀರು ಹರಿಯುವ ದಾರಿಗೆ ಅಡ್ಡಿ, (5) ಕೆಲಸದವರ ಓಡಾಟದಿಂದ ಒಡೆಯುವ ಹಂಚು ಅಥವಾ ಶೀಟು. ಛಾವಣಿಯ ಬಗೆಗೆ ತಕ್ಕಂತೆ ಇವುಗಳ ಪರಿಹಾರವೂ ಬೇರೆಬೇರೆ.

ಆರ್.ಸಿ.ಸಿ. ತಾರಸಿ

ಹಳ್ಳಿಯ ಮನೆಗಳಲ್ಲಿ ಕಾಂಕ್ರೀಟ್ ತಾರಸಿಯ ದಪ್ಪ ಸಾಮಾನ್ಯವಾಗಿ 4ರಿಂದ 5 ಅಂಗುಲ. ಇದರೊಳಗಿನ ಕಬ್ಬಿಣದ ಕಂಬಿಗಳ ಮೇಲೆ ಮುಕ್ಕಾಲು ಅಂಗುಲದಷ್ಟು ಮಾತ್ರ ಕಾಂಕ್ರೀಟಿನ ಹೊದಿಕೆ ಇರುತ್ತದೆ. ಫಲಕದ ಸ್ಟ್ಯಾಂಡನ್ನು ನಿಲ್ಲಿಸಲು 3-4 ಅಂಗುಲ ಆಳಕ್ಕೆ ಕೊರೆದು ಬೋಲ್ಟು ಬಡಿದರೆ ಮೇಲಿನ ನೀರುತಡೆ ಗಾರೆ ತೂತಾಗುತ್ತದೆ. ಕೆಲವೊಮ್ಮೆ ಕಂಬಿಗೂ ಪೆಟ್ಟು ಬೀಳುತ್ತದೆ. ರಂಧ್ರದ ಅಂಚಿನಿಂದ ಇಳಿದ ನೀರು ಕಂಬಿಯನ್ನು ಸೇರಿ ತುಕ್ಕು ಹಿಡಿಸುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮೊದಲ ವರ್ಷ ಛಾವಣಿಯ ಕೆಳಗೆ ಒದ್ದೆಯ ಕಲೆ, ನಂತರ ಸುಣ್ಣದಂತಹ ಬಿಳಿ ಪುಡಿ, ಕೆಲವು ವರ್ಷಗಳಲ್ಲಿ ಗಾರೆಯ ಚಕ್ಕೆ ಉದುರುವುದು, ಇದೇ ಅದರ ಕ್ರಮ. ನೀರು ಒಳಸೇರಿದ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು ಆಗಿರುವುದರಿಂದ ಮೂಲವನ್ನು ಹುಡುಕುವುದೂ ಕಷ್ಟ.

ಆದುದರಿಂದ ತಾರಸಿಗೆ ರಂಧ್ರ ಕೊರೆಯದೆ, ಕಾಂಕ್ರೀಟ್ ಕಟ್ಟೆಗಳ ಮೇಲೆ ಸ್ಟ್ಯಾಂಡನ್ನು ನಿಲ್ಲಿಸುವ ಕ್ರಮವೇ ಉತ್ತಮ. ಕಟ್ಟೆ ಹಾಕುವ ಜಾಗದ ಧೂಳು, ಪಾಚಿ, ಸಡಿಲ ಗಾರೆಗಳನ್ನು ಉಜ್ಜಿ ತೆಗೆದು, ತಾರಸಿಯನ್ನು ನೆನೆಸಿ, ಹಳೆಯ ಮತ್ತು ಹೊಸ ಕಾಂಕ್ರೀಟನ್ನು ಬೆಸೆಯುವ ದ್ರಾವಣವನ್ನು ಬಳಿದು ನಂತರ ಕಟ್ಟೆ ಹಾಕಬೇಕು. ಸ್ಟ್ಯಾಂಡಿನ ಬೋಲ್ಟು ಕಟ್ಟೆಯ ಒಳಗೇ ಮುಗಿಯಬೇಕು, ತಾರಸಿಗೆ ಇಳಿಯಬಾರದು. ಕಟ್ಟೆಗೆ ಕನಿಷ್ಠ ಒಂದು ವಾರ ನೀರು ಹಾಕಿ ಕ್ಯೂರಿಂಗ್ ಮಾಡಿದ ಮೇಲೆಯೇ ಸ್ಟ್ಯಾಂಡನ್ನು ಏರಿಸತಕ್ಕದ್ದು. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸಿ ಹೋಗುವ ಕೆಲಸಗಾರರು ಈ ವಿಷಯದಲ್ಲಿ ಅವಸರ ಮಾಡದಂತೆ ಮನೆಯವರು ನೋಡಿಕೊಳ್ಳಬೇಕು.

ಭಾರದ ಲೆಕ್ಕ ಮತ್ತು ಗಾಳಿಯ ಲೆಕ್ಕ

540 ವ್ಯಾಟಿನ ಒಂದು ಫಲಕ ಸುಮಾರು 2.3 ಮೀಟರ್ ಉದ್ದ, 1.13 ಮೀಟರ್ ಅಗಲ ಮತ್ತು 28 ಕಿ.ಗ್ರಾಂ. ತೂಕ ಇರುತ್ತದೆ. ಎರಡೂ ಬದಿ ಗಾಜಿರುವ ಫಲಕವಾದರೆ ತೂಕ 30 ಕಿ.ಗ್ರಾಂ. ದಾಟುತ್ತದೆ. 3 ಕಿಲೋವ್ಯಾಟ್‌ಗೆ ಇಂತಹ 6 ಫಲಕ ಬೇಕು. ಫಲಕಗಳ ತೂಕ 168 ಕಿ.ಗ್ರಾಂ. ಆಯಿತು. ಸ್ಟ್ಯಾಂಡಿಗೆ ಸುಮಾರು 130 ಕಿ.ಗ್ರಾಂ. ಎಂದಿಟ್ಟುಕೊಳ್ಳಬಹುದು. ಒಂದು ಘನ ಅಡಿ ಕಾಂಕ್ರೀಟ್ ಸುಮಾರು 68 ಕಿ.ಗ್ರಾಂ. ತೂಗುವುದರಿಂದ 8 ಕಟ್ಟೆಗಳಿಗೆ 544 ಕಿ.ಗ್ರಾಂ. ಒಟ್ಟು ಸುಮಾರು 840 ಕಿ.ಗ್ರಾಂ. ಫಲಕಗಳ ವಿಸ್ತೀರ್ಣ ಸುಮಾರು 15.5 ಚದರ ಮೀಟರ್. ಅಂದರೆ ಚದರ ಮೀಟರಿಗೆ 54 ಕಿ.ಗ್ರಾಂ. ಭಾರ ಬಿದ್ದಂತಾಯಿತು. ಜನ ಓಡಾಡುವ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕಿ.ಗ್ರಾಂ. ಹೊರುವಂತೆ ರಚಿಸಬೇಕೆಂದು ಭಾರತೀಯ ಮಾನಕ ಐ.ಎಸ್. 875 ತಿಳಿಸುತ್ತದೆ. ಸರಿಯಾಗಿ ಕಟ್ಟಿದ ತಾರಸಿಗೆ ಈ ಭಾರ ಹೆಚ್ಚಲ್ಲ.

ಆದರೆ ಎರಡು ಎಚ್ಚರಿಕೆ ಅಗತ್ಯ. ಮೊದಲನೆಯದು, ಈ ಭಾರ ಸಮನಾಗಿ ಹರಡದೆ ಎಂಟು ಕಟ್ಟೆಗಳ ಕೆಳಗೆ ಮಾತ್ರ ಬೀಳುತ್ತದೆ. ಆದುದರಿಂದ ಕಟ್ಟೆಗಳನ್ನು ಸಾಧ್ಯವಾದಷ್ಟು ಗೋಡೆ ಅಥವಾ ತೊಲೆಯ ಮೇಲೆ ಬರುವಂತೆ ಹಾಕಬೇಕು. ಕೋಣೆಯ ನಟ್ಟನಡುವೆ ಬರಬಾರದು. ಎರಡನೆಯದು ರೈತರಿಗೇ ಸಂಬಂಧಿಸಿದ್ದು. ಅರ್ಧ ಅಡಿ ದಪ್ಪಕ್ಕೆ ಭತ್ತವನ್ನು ರಾಶಿ ಹಾಕಿದರೆ ಚದರ ಮೀಟರಿಗೆ ಸುಮಾರು 85 ಕಿ.ಗ್ರಾಂ. ಭಾರವಾಗುತ್ತದೆ. ಫಲಕದ ಭಾರವೂ ರಾಶಿಯ ಭಾರವೂ ಒಂದೇ ಅಂಕಣದ ಮೇಲೆ ಬಿದ್ದರೆ ತಾರಸಿಯ ಮಿತಿ ಹತ್ತಿರವಾಗುತ್ತದೆ. ಫಲಕದ ಕೆಳಗಿನ ನೆರಳಿನಲ್ಲಿ ಕಾಳಿನ ಚೀಲಗಳನ್ನು ಒಟ್ಟುವ ಅಭ್ಯಾಸ ಬೇಡ. 200 ಲೀಟರಿನ ಸೌರ ನೀರು ಕಾಯಿಸುವ ಸಾಧನವಿದ್ದರೆ ಅದರಲ್ಲಿ ನೀರಿನ ತೂಕವೇ 200 ಕಿ.ಗ್ರಾಂ. ಎಂಬುದನ್ನೂ ನೆನಪಿಡಬೇಕು.

ಇನ್ನು ಗಾಳಿಯ ಮಾತು. ಐವತ್ತು ವರ್ಷಗಳಲ್ಲಿ ಒಮ್ಮೆ ಬರಬಹುದಾದ ಜೋರು ಗಾಳಿಯ ವೇಗವನ್ನು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಎಂದು ಮಾನಕದಲ್ಲಿ ಕೊಡಲಾಗಿದೆ. ಇದು ಗಂಟೆಗೆ ಕ್ರಮವಾಗಿ ಸುಮಾರು 119 ಮತ್ತು 140 ಕಿ.ಮೀ. ವೇಗ. ಇಂತಹ ಗಾಳಿ ಚದರ ಮೀಟರಿಗೆ ಸುಮಾರು 66 ಮತ್ತು 93 ಕಿ.ಗ್ರಾಂ. ಬಲದಿಂದ ಒತ್ತುತ್ತದೆ. ಅಂದರೆ 28 ಕಿ.ಗ್ರಾಂ. ತೂಗುವ ಫಲಕದ ಮೇಲೆ ಬೆಂಗಳೂರಿನ ಲೆಕ್ಕದಲ್ಲೇ 170 ಕಿ.ಗ್ರಾಂ. ಬಲ ಬೀಳಬಹುದು. ಆರು ಫಲಕಕ್ಕೆ ಇದು ಸುಮಾರು 1,000 ಕಿ.ಗ್ರಾಂ. ಮೇಲೆ ಹೇಳಿದ ಒಟ್ಟು ತೂಕಕ್ಕಿಂತ ಇದು ಹೆಚ್ಚು. ಫಲಕದ ಓರೆ, ಮನೆಯ ಎತ್ತರ, ಸುತ್ತಲಿನ ಮರಗಳು ಇವುಗಳಿಗೆ ತಕ್ಕಂತೆ ನಿಜವಾದ ಎಳೆತ ಬೇರೆಯಾಗುತ್ತದೆ. ಆದರೂ ನಾಲ್ಕು ಕಲ್ಲು ಹೇರಿದರೆ ಸಾಕೆಂಬುದು ತಪ್ಪು ಎಂದು ಇದರಿಂದ ಗೊತ್ತಾಗುತ್ತದೆ. ಕಟ್ಟೆಗಳನ್ನು ಬೆಸೆಯುವುದು, ಒಂದಕ್ಕೊಂದು ಕೂಡಿಸುವುದು, ಅಗತ್ಯವಿದ್ದರೆ ತೂಕ ಹೆಚ್ಚಿಸುವುದು, ಇವೆಲ್ಲವನ್ನೂ ಎಂಜಿನಿಯರಿಂದ ಲೆಕ್ಕ ಹಾಕಿಸಬೇಕು.

ಫಲಕದ ಓರೆ ಕಡಿಮೆಯಿದ್ದಷ್ಟೂ ಗಾಳಿಯ ಹಿಡಿತ ಕಡಿಮೆ. ಕರ್ನಾಟಕದಲ್ಲಿ ದಕ್ಷಿಣಕ್ಕೆ ಮುಖ ಮಾಡಿ 10ರಿಂದ 15 ಡಿಗ್ರಿ ಓರೆ ಕೊಟ್ಟರೆ ಸಾಕು. ಕೆಳಗೆ ಕಾಳು ಒಣಗಿಸಲು ಜಾಗ ಬೇಕೆಂದು 7-8 ಅಡಿ ಎತ್ತರದ ಸ್ಟ್ಯಾಂಡ್ ಹಾಕಿಸುವವರಿದ್ದಾರೆ. ಎತ್ತರ ಹೆಚ್ಚಿದಂತೆ ಸ್ಟ್ಯಾಂಡನ್ನು ಬುಡಮೇಲು ಮಾಡುವ ಬಲವೂ ಹೆಚ್ಚುತ್ತದೆ. ಇಂತಹ ಸ್ಟ್ಯಾಂಡಿನ ಕಾಲುಗಳು ಕಂಬ ಅಥವಾ ತೊಲೆಯ ನೇರಕ್ಕೇ ಬರಬೇಕು. ಬಿಡಿ ಕಟ್ಟೆಗಳ ಮೇಲೆ ಇವನ್ನು ನಿಲ್ಲಿಸುವುದು ಅಪಾಯ. ನಾಲ್ಕು ಅಂಗುಲದ ಇಟ್ಟಿಗೆಯ ಮೋಟುಗೋಡೆಗಂತೂ ಸ್ಟ್ಯಾಂಡನ್ನು ಕಟ್ಟಲೇಬಾರದು. ಗಾಳಿಗೆ ಗೋಡೆಯೇ ಬಿರಿದು, ಬುಡದಿಂದ ನೀರು ಇಳಿಯುತ್ತದೆ.

ಹಂಚಿನ ಮನೆ

ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದ ನಂತರ ಕರಾವಳಿ ಮತ್ತು ಮಲೆನಾಡಿನಲ್ಲಿ ಹಂಚಿನ ಮನೆ ಸಾಮಾನ್ಯವಾಯಿತು. ಈ ಛಾವಣಿಯ ಬಲವೆಲ್ಲ ಪಕ್ಕಾಸಿನಲ್ಲಿದೆ. ಹಂಚು ಮಳೆಯನ್ನು ಜಾರಿಸುತ್ತದೆಯೇ ಹೊರತು ಭಾರ ಹೊರುವುದಕ್ಕಲ್ಲ. ರೀಪು ಹಂಚನ್ನು ಹಿಡಿಯುವಷ್ಟು ಮಾತ್ರ ಗಟ್ಟಿ. ಫಲಕದ ಕೊಕ್ಕೆಗಳನ್ನು ರೀಪಿಗೆ ತಿರುಪು ಹಾಕಿ ಕೂಡಿಸಿದರೆ ಮೊದಲ ಬಿರುಗಾಳಿಗೇ ರೀಪು ಕಿತ್ತು ಬರುತ್ತದೆ. ಆದುದರಿಂದ ಕೊಕ್ಕೆಗಳನ್ನು ಪಕ್ಕಾಸಿಗೇ ಬಿಗಿಯಬೇಕು. ಕೊಕ್ಕೆ ಹೊರಬರುವ ಕಡೆ ಮೇಲಿನ ಹಂಚಿನ ಅಂಚನ್ನು ಸ್ವಲ್ಪ ಕೆತ್ತಿ, ಕೊಕ್ಕೆಯು ಹಂಚನ್ನು ಒತ್ತದಂತೆ ಬಿಡುವು ಕೊಡಬೇಕು. ಹಂಚಿಗೆ ತೂತು ಕೊರೆದು ಬೋಲ್ಟು ಇಳಿಸುವುದು ಸಲ್ಲದು.

ಫಲಕ ಏರಿಸುವ ಮೊದಲು ಹಂಚು ಸರಿಸಿ ಪ್ರತಿಯೊಂದು ಪಕ್ಕಾಸನ್ನೂ ಪರೀಕ್ಷಿಸಬೇಕು. ಗೆದ್ದಲು ತಿಂದಿದ್ದರೆ, ಗೋಡೆಯ ಮೇಲೆ ಕೂರುವ ತುದಿ ಕೊಳೆತಿದ್ದರೆ ಬದಲಾಯಿಸಿದ ಹೊರತು ಮುಂದುವರಿಯಬಾರದು. ಮಳೆಗಾಲದಲ್ಲಿ ಹಂಚು ನೀರು ಹೀರಿ ಇನ್ನಷ್ಟು ಭಾರವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೆಲಸದವರು ಹಂಚಿನ ಮೇಲೆ ನೇರವಾಗಿ ಕಾಲಿಡದೆ, ಏಣಿ ಅಥವಾ ಹಲಗೆಯನ್ನು ಹಾಸಿ ಅದರ ಮೇಲೆ ಓಡಾಡಬೇಕು. ಕೂದಲೆಳೆಯಂತಹ ಬಿರುಕು ಅಂದು ಕಾಣುವುದಿಲ್ಲ. ಆಷಾಢದ ಮಳೆಯಲ್ಲಿ ಗೊತ್ತಾಗುತ್ತದೆ. ಆಗ ಆ ಹಂಚು ಫಲಕದ ಕೆಳಗೆ ಸಿಕ್ಕಿಕೊಂಡಿರುತ್ತದೆ. ಅದೇ ಅಳತೆಯ, ಅದೇ ಅಚ್ಚಿನ ಇಪ್ಪತ್ತು ಮೂವತ್ತು ಹಂಚುಗಳನ್ನು ಮನೆಯಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು. ಆಗುಂಬೆಯಂತಹ, ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಪ್ರದೇಶದಲ್ಲಿ ಒಂದು ಒಡಕು ಹಂಚು ಒಂದು ಕೋಣೆಯನ್ನೇ ಹಾಳುಮಾಡಬಲ್ಲದು.

ಫಲಕದ ಮೇಲೆ ಬಿದ್ದ ಮಳೆಯೆಲ್ಲ ಅದರ ಕೆಳ ಅಂಚಿನಿಂದ ಒಂದೇ ಸಾಲಿನಲ್ಲಿ ರಭಸವಾಗಿ ಬೀಳುತ್ತದೆ. ಈ ಧಾರೆ ಹಂಚಿನ ಸಂದಿಗೆ ಎರಚದಂತೆ ಫಲಕವನ್ನು ಹಂಚಿಗೆ ಸಮಾನಾಂತರವಾಗಿ, ನಾಲ್ಕಾರು ಅಂಗುಲ ಅಂತರದಲ್ಲಿ ಕೂಡಿಸಬೇಕು. ತೆಂಗಿನ ಮರದ ನೇರ ಕೆಳಗೆ ಫಲಕ ಬೇಡ. ನೆರಳಿನ ನಷ್ಟದ ಜೊತೆಗೆ ಗರಿ, ಕಾಯಿ ಬಿದ್ದರೆ ಫಲಕವೂ ಹಂಚೂ ಒಟ್ಟಿಗೆ ಒಡೆಯುತ್ತವೆ.

ತಗಡು ಮತ್ತು ಸಿಮೆಂಟ್ ಶೀಟು

ತಗಡಿನ ಛಾವಣಿಯಲ್ಲಿ ರಂಧ್ರ ಕೊರೆಯುವುದು ಅನಿವಾರ್ಯ. ಆದರೆ ರಂಧ್ರ ಶೀಟಿನ ಉಬ್ಬಿನ ಮೇಲೆ ಇರಬೇಕು, ತಗ್ಗಿನಲ್ಲಿ ಇರಬಾರದು. ನೀರು ಹರಿಯುವುದು ತಗ್ಗಿನಲ್ಲಿ. ತಿರುಪು ಶೀಟಿನ ಕೆಳಗಿನ ಅಡ್ಡಪಟ್ಟಿಗೆ ಹೋಗಿ ಕೂರಬೇಕು. ಬರಿಯ ತಗಡಿಗೆ ಹಿಡಿದ ತಿರುಪು ಗಾಳಿಗೆ ಕಿತ್ತು ಬರುತ್ತದೆ. ಬಿಸಿಲಿಗೆ ಬಾಳುವ ಇ.ಪಿ.ಡಿ.ಎಂ. ರಬ್ಬರ್ ವಾಷರನ್ನೇ ಬಳಸಬೇಕು. ಅತಿಯಾಗಿ ಬಿಗಿದರೆ ವಾಷರ್ ಚಪ್ಪಟೆಯಾಗಿ ಸೀಳುತ್ತದೆ, ಸಡಿಲ ಬಿಟ್ಟರೆ ನೀರು ಇಳಿಯುತ್ತದೆ. ಕೊರೆದಾಗ ಉದುರಿದ ಕಬ್ಬಿಣದ ಪುಡಿಯನ್ನು ಅಂದೇ ಗುಡಿಸಿ ತೆಗೆಯಬೇಕು. ಇಲ್ಲದಿದ್ದರೆ ಆ ಪುಡಿ ತುಕ್ಕು ಹಿಡಿದು ತಗಡಿನ ಲೇಪನವನ್ನು ತಿನ್ನುತ್ತದೆ.

ಕಲ್ನಾರಿನ ಸಿಮೆಂಟ್ ಶೀಟಿನ ಮೇಲೆ ಫಲಕ ಕೂಡಿಸುವ ಯೋಚನೆಯನ್ನೇ ಬಿಡುವುದು ಲೇಸು. ಹಳೆಯ ಶೀಟು ಗಾಜಿನಂತೆ ಪೆಡಸಾಗಿರುತ್ತದೆ. ಅದರ ಮೇಲೆ ಕಾಲಿಟ್ಟವರು ಶೀಟು ಮುರಿದು ಕೆಳಗೆ ಬಿದ್ದು ಪ್ರಾಣ ಕಳೆದುಕೊಂಡದ್ದುಂಟು. ಕೊರೆಯುವಾಗ ಏಳುವ ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ವಿಷಪ್ರಾಯ. ಶೀಟು ಬದಲಾಯಿಸಿದ ಮೇಲೆ ಫಲಕ ಹಾಕಬಹುದು, ಅಥವಾ ಹಿತ್ತಲಿನಲ್ಲಿ ನೆಲದ ಮೇಲೆಯೇ ಸ್ಟ್ಯಾಂಡ್ ನಿಲ್ಲಿಸಬಹುದು.

ಮಣ್ಣಿನ ಮಾಳಿಗೆ ಮತ್ತು ಮದ್ರಾಸ್ ತಾರಸಿ

ಬಯಲುಸೀಮೆಯ ಮಣ್ಣಿನ ಮಾಳಿಗೆಯು ಮರದ ತೊಲೆಗಳ ಮೇಲೆ ಆಗಲೇ ಹೆಚ್ಚು ಭಾರ ಹೊತ್ತಿರುತ್ತದೆ. ವರ್ಷ ವರ್ಷ ಮೇಲೆ ಮಣ್ಣು ಹಾಕುತ್ತಾ ಬಂದಂತೆ ಆ ಭಾರ ಇನ್ನೂ ಬೆಳೆಯುತ್ತದೆ. ಹಳೇ ಮೈಸೂರು ಭಾಗದಲ್ಲಿ ಕಾಣುವ ಮದ್ರಾಸ್ ತಾರಸಿಯೂ ಮರದ ತೊಲೆ, ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಆದದ್ದು. ಈ ಎರಡರ ಮೇಲೂ ಫಲಕ ಬೇಡ. ಕೊಟ್ಟಿಗೆಯ ಪಕ್ಕದಲ್ಲಿ ಅಥವಾ ಕಣದ ಅಂಚಿನಲ್ಲಿ, ನೆರಳಿಲ್ಲದ ಸುಮಾರು 300 ಚದರ ಅಡಿ ಜಾಗವಿದ್ದರೆ 3 ಕಿಲೋವ್ಯಾಟ್ ಫಲಕಗಳನ್ನು ನೆಲದ ಮೇಲೆ ನಿಲ್ಲಿಸಬಹುದು. ರೈತರಿಗೆ ಪಟ್ಟಣದವರಿಗಿಲ್ಲದ ಈ ಅನುಕೂಲವಿದೆ. ದನಕರು ಉಜ್ಜದಂತೆ, ಮಕ್ಕಳು ಹತ್ತಿರ ಸುಳಿಯದಂತೆ ಬೇಲಿ ಮಾತ್ರ ಬೇಕು.

ನೀರಿಗೆ ದಾರಿ ಬಿಡಿ

ಹೊಲದಲ್ಲಿ ಬಸಿಗಾಲುವೆ ಮುಚ್ಚಿದರೆ ಏನಾಗುತ್ತದೆಂಬುದು ರೈತರಿಗೆ ಗೊತ್ತು. ತಾರಸಿಗೂ ಅದೇ ನಿಯಮ. ಸಾಮಾನ್ಯವಾಗಿ 100 ಅಡಿಗೆ 1 ಅಡಿಯಂತೆ ಇಳಿಜಾರು ಕೊಟ್ಟು ನೀರು ತೂಬಿನ ಕಡೆ ಹರಿಯುವಂತೆ ಮಾಡಿರುತ್ತಾರೆ. ಕಟ್ಟೆಗಳನ್ನು ಸಾಲಾಗಿ ಒತ್ತಾಗಿ ಹಾಕಿದರೆ ಅದೊಂದು ಬದುವಾಗಿ ನೀರು ನಿಲ್ಲುತ್ತದೆ. ಉದ್ದನೆಯ ಕಟ್ಟೆಗಳನ್ನು ನೀರಿನ ಹರಿವಿನ ದಿಕ್ಕಿಗೇ ಹಾಕಬೇಕು. ಬಿಡಿ ಕಟ್ಟೆಗಳ ನಡುವೆ ಸಾಕಷ್ಟು ಜಾಗ ಬಿಡಬೇಕು. ತೂಬಿನ ಎದುರು ಯಾವ ಕಟ್ಟೆಯೂ ಬರಬಾರದು. ಫಲಕದ ಕೆಳಗೆ ಕೈಯಾಡಿಸಿ ಗುಡಿಸುವಷ್ಟು ಎತ್ತರವಿರಬೇಕು. ಇಲ್ಲವಾದರೆ ಎಲೆ, ಹೊಟ್ಟು, ಪಾರಿವಾಳದ ಗೂಡು ಸೇರಿ ತೂಬು ಕಟ್ಟಿಕೊಳ್ಳುತ್ತದೆ. ಅಳಿಲು, ಇಲಿಗಳು ಕೇಬಲ್ ಕಡಿಯದಂತೆ ಜಾಲರಿ ಹಾಕಿಸಬಹುದು.

ಕೇಬಲ್ ಇಳಿಸಲು ತಾರಸಿಗೆ ತೂತು ಮಾಡಬಾರದು. ಪೈಪಿನಲ್ಲಿ ಹೊರಗೋಡೆಯ ಮೇಲೆ ಇಳಿಸಿ, ಗೋಡೆಯೊಳಗೆ ಹೋಗುವ ಮುನ್ನ ಕೇಬಲ್ ಒಮ್ಮೆ ಕೆಳಗೆ ಬಾಗಿ ಮೇಲೇರುವಂತೆ ಮಾಡಿದರೆ ನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕುತ್ತದೆ.

ಕೆಲಸಕ್ಕೆ ಸರಿಯಾದ ಕಾಲ

ಸುಗ್ಗಿ ಮುಗಿದ ನಂತರ ಜನವರಿಯಿಂದ ಮಾರ್ಚ್‌ವರೆಗಿನ ಕಾಲ ಈ ಕೆಲಸಕ್ಕೆ ಸೂಕ್ತ. ಏಪ್ರಿಲ್-ಮೇ ತಿಂಗಳಿನ ಬಿರುಗಾಳಿ, ಆಲಿಕಲ್ಲಿನ ಮಳೆಗೆ ಮುಂಚೆ ಕಟ್ಟೆ ಗಟ್ಟಿಯಾಗಿರುತ್ತದೆ. ಕಾಂಕ್ರೀಟ್ ತಾರಸಿ ಗಟ್ಟಿಮುಟ್ಟಾಗಿದ್ದರೆ ಮೊದಲು ತೂಬುಗಳನ್ನು ಮುಚ್ಚಿ ಒಂದು ಅಂಗುಲ ನೀರು ನಿಲ್ಲಿಸಿ 24 ಗಂಟೆ ಬಿಟ್ಟು ಕೆಳಗಿನಿಂದ ಪರೀಕ್ಷಿಸಬೇಕು. ಒದ್ದೆ ಕಂಡರೆ ಮೊದಲು ರಿಪೇರಿ, ನಂತರ ಫಲಕ. ಕಂಬಿ ಕಾಣುವಂತೆ ಚಕ್ಕೆ ಉದುರಿರುವ ತಾರಸಿಗೆ ಈ ಪರೀಕ್ಷೆಯೂ ಬೇಡ, ಫಲಕವೂ ಬೇಡ. ಫಲಕ ಕೂಡಿಸಿದ ಮೇಲೆ ರಿಪೇರಿಗೆಂದು ಅದನ್ನು ಬಿಚ್ಚಿ ಮತ್ತೆ ಕೂಡಿಸುವುದು ಎರಡು ಪಟ್ಟು ಖರ್ಚು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗಬಾರದು.

ಕರಾರು ಪತ್ರ

ಹಣ ಕೊಡುವ ಮೊದಲು ಕರಾರಿನಲ್ಲಿ ಈ ಅಂಶಗಳನ್ನು ಬರೆಸಿಕೊಳ್ಳಬೇಕು: ಛಾವಣಿಗೆ ರಂಧ್ರ ಕೊರೆಯುತ್ತಾರೆಯೇ, ಎಲ್ಲಿ, ಎಷ್ಟು, ಕಟ್ಟೆಯ ಅಳತೆ ಮತ್ತು ಸಂಖ್ಯೆ, ಸ್ಟ್ಯಾಂಡಿಗೆ ಬಿಸಿ ಸತುವಿನ ಲೇಪ ಇದೆಯೇ, ಬೋಲ್ಟುಗಳು ತುಕ್ಕು ಹಿಡಿಯದ ಉಕ್ಕಿನವೇ, ಕೂಡಿಸಿದ ಕಾರಣದಿಂದ ಸೋರಿದರೆ ಎಷ್ಟು ವರ್ಷ ಯಾರು ರಿಪೇರಿ ಮಾಡುತ್ತಾರೆ. ಸಹಾಯಧನದ ಯೋಜನೆಯಲ್ಲಿ ಘಟಕದ ನಿರ್ವಹಣೆಯನ್ನು 5 ವರ್ಷ ನೋಡಿಕೊಳ್ಳುವ ಹೊಣೆ ಸರಬರಾಜುದಾರರದು. ಆದರೆ ಘಟಕದ ನಿರ್ವಹಣೆ ಬೇರೆ, ಸೂರಿನ ಹೊಣೆ ಬೇರೆ. ಸೂರಿನ ಮಾತನ್ನು ಪ್ರತ್ಯೇಕವಾಗಿ ಬರೆಸದಿದ್ದರೆ ಮುಂದೆ ವಾದಕ್ಕೆ ಆಧಾರವಿರುವುದಿಲ್ಲ. ಕೆಲಸದ ಹಿಂದಿನ ದಿನ ತಾರಸಿಯ ಮೇಲೂ, ಪ್ರತಿ ಕೋಣೆಯ ಒಳಛಾವಣಿಯದೂ ಫೋಟೋ ತೆಗೆದಿಟ್ಟುಕೊಳ್ಳುವುದು ಜಾಣತನ.

ಮಳೆ ಬಂದ ಮೇಲೆ

ಮೊದಲ ದೊಡ್ಡ ಮಳೆಯ ಮರುದಿನ ಕಟ್ಟೆಯ ಬುಡ, ತೂಬು, ಒಳಛಾವಣಿ ಮೂರನ್ನೂ ನೋಡಬೇಕು. ನಂತರ ವರ್ಷಕ್ಕೆ ಎರಡು ಬಾರಿ, ಮುಂಗಾರಿಗೆ ಮುಂಚೆ ಮತ್ತು ಹಿಂಗಾರಿನ ನಂತರ, ಬೋಲ್ಟುಗಳ ಬಿಗಿ ಪರೀಕ್ಷಿಸಬೇಕು. ಸೋರುವುದು ಕಂಡರೆ ರೈತರು ತಾವೇ ಫಲಕ ಬಿಚ್ಚಲು ಹೋಗಬಾರದು. ಮನೆಯ ಸ್ವಿಚ್ಚು ಆರಿಸಿದರೂ ಬಿಸಿಲಿರುವ ತನಕ ಫಲಕದ ತಂತಿಯಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಒದ್ದೆ ತಾರಸಿಯ ಮೇಲೆ ಇದು ಪ್ರಾಣಾಪಾಯ. ತಿಳಿದವರನ್ನು ಕರೆಸಬೇಕು. ಅಲ್ಲಿಯವರೆಗೆ ಕಾಳಿನ ಚೀಲಗಳನ್ನು ಗೋಡೆಯಿಂದ ದೂರ, ನೆಲದಿಂದ ಎತ್ತರದ ಹಲಗೆಯ ಮೇಲೆ, ಒಣ ಕೋಣೆಗೆ ಸಾಗಿಸತಕ್ಕದ್ದು. ಒದ್ದೆಯಾದ ಚೀಲವನ್ನು ಬೇರ್ಪಡಿಸಿ ಅಂದೇ ಬಿಸಿಲಿಗೆ ಹಾಕಬೇಕು; ಬೂಷ್ಟು ಹಿಡಿದ ಶೇಂಗಾವನ್ನು ಆರೋಗ್ಯವಾದ ಕಾಯಿಗಳೊಂದಿಗೆ ಬೆರೆಸಬಾರದು.

ವಿಸ್ತರಣಾ ಕಾರ್ಯಕರ್ತರು ಸೌರ ಘಟಕದ ಬಗ್ಗೆ ಸಲಹೆ ಕೊಡುವಾಗ ಸಹಾಯಧನದ ಮೊತ್ತವನ್ನು ಹೇಳುವ ಮೊದಲು ಮನೆಯ ಸೂರು ಯಾವ ಬಗೆಯದು, ಎಷ್ಟು ಹಳೆಯದು, ಅದರ ಕೆಳಗೆ ಏನನ್ನು ಶೇಖರಿಸಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಸೂರು ಗಟ್ಟಿಯಿದ್ದರೆ ಸೂರಿನ ಮೇಲೆ, ಇಲ್ಲದಿದ್ದರೆ ನೆಲದ ಮೇಲೆ ಫಲಕ ಕೂಡಿಸಿ ರೈತರು ಬಿಸಿಲಿನ ಪ್ರಯೋಜನವನ್ನು ನಿಶ್ಚಿಂತೆಯಿಂದ ಪಡೆಯಬಹುದು.